ಅಡುಗೆಮನೆ ನಲ್ಲಿ ಕೈಕೊಟ್ಟರೆ: ಬಿಗಿ ಮಾಡುವ ಮೊದಲು ನೋಡಬೇಕಾದದ್ದು

ಮನೆಯವರೆಲ್ಲ ಮಲಗಿದ ಮೇಲೆ ಸಿಂಕಿನಲ್ಲಿ ಬಿಟ್ಟ ಸ್ಟೀಲ್ ತಟ್ಟೆಯ ಮೇಲೆ ಟಪ್, ಟಪ್ ಅಂತ ಹನಿ ಬೀಳುವ ಸದ್ದು ಕೇಳಿದ್ದೀರಲ್ವಾ? ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಎದ್ದು ಹೋಗಿ ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿಯಾಗಿ ತಿರುಗಿಸುವುದು. ಒಂದೆರಡು ದಿನ ಸದ್ದು ನಿಲ್ಲುತ್ತದೆ. ಆಮೇಲೆ ಮೊದಲಿಗಿಂತ ಜಾಸ್ತಿ ಸೋರುತ್ತದೆ.

ನಲ್ಲಿ ರಿಪೇರಿಗೆ ತೋಳಬಲಕ್ಕಿಂತ ಕಣ್ಣು ಮುಖ್ಯ. ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ. ನೀರು ಎಲ್ಲಿಂದ ಬರುತ್ತಿದೆ? ಯಾವಾಗ ಬರುತ್ತಿದೆ?

ನಲ್ಲಿ ನಿಲ್ಲಿಸಿದಾಗಲೂ ಬಾಯಿಂದ ಹನಿ ಬೀಳುತ್ತಿದ್ದರೆ ಒಳಗೆ ನೀರು ತಡೆಯುವ ರಬ್ಬರ್ ವಾಷರ್, ಹೊಸ ಬಗೆಯ ನಲ್ಲಿಯಾದರೆ ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಜ್ ಹೋಗಿದೆ. ತೆರೆದಾಗ ಮಾತ್ರ ಹಿಡಿಯ ಹತ್ತಿರವೋ ನೀರು ಬೀಳುವ ಕೊಕ್ಕಿನ ಬುಡದಲ್ಲೋ ಜಿನುಗಿದರೆ ಅಲ್ಲಿನ ರಬ್ಬರ್ ರಿಂಗ್ ಸವೆದಿದೆ. ತೆರೆದರೂ ಮುಚ್ಚಿದರೂ ಒಂದೇ ಸಮ ಒದ್ದೆಯಾಗುತ್ತಿದ್ದರೆ ದೋಷ ನಲ್ಲಿಗಿಂತ ಹಿಂದೆ, ಪೈಪಿನ ಕಡೆ ಇದೆ. ಪಾತ್ರೆ ತೊಳೆದಾಗ ಮಾತ್ರ ಕೆಳಗೆ ನೀರು ಕಂಡರೆ ಅದು ನಲ್ಲಿಯ ತಪ್ಪೇ ಅಲ್ಲ, ಸಿಂಕಿನ ವೇಸ್ಟ್ ಪೈಪಿನದು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕೈ ಹಾಕುವ ಮುನ್ನ

ಒಂದು ಬಿಂದಿಗೆ ನೀರು ಹಿಡಿದಿಟ್ಟುಕೊಳ್ಳಿ. ಬಿಚ್ಚಿದ ನಲ್ಲಿಗೆ ಸರಿಯಾದ ವಾಷರ್ ಸಿಗದೆ ಮೂರು ಅಂಗಡಿ ಸುತ್ತುವಾಗ ಮನೆಯಲ್ಲಿ ಟೀ ಮಾಡಲಾದರೂ ನೀರು ಬೇಕು.

ಆಮೇಲೆ ನೀರು ನಿಲ್ಲಿಸಿ. ಸಿಂಕಿನ ಮೇಲೆ ಕೂತಿರುವ, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ಆದರೆ ಕೆಳಗಿನ ಕಪಾಟಿನಲ್ಲಿ ನೀರು ನಿಲ್ಲಿಸುವ ಎರಡು ಸಣ್ಣ ಆಂಗಲ್ ಕಾಕ್ ಇರುತ್ತವೆ, ತಣ್ಣೀರಿಗೊಂದು ಬಿಸಿನೀರಿಗೊಂದು. ಗೋಡೆಯಿಂದ ನೇರವಾಗಿ ಬರುವ ಸಿಂಕ್ ಕಾಕ್‌ಗೆ ಸಾಮಾನ್ಯವಾಗಿ ಇವು ಇರುವುದಿಲ್ಲ. ಅದಕ್ಕೆ ತಾರಸಿಯಲ್ಲಿ ಟ್ಯಾಂಕಿನ ಹತ್ತಿರದ ವಾಲ್ವ್ ಮುಚ್ಚಬೇಕು. ಅಪಾರ್ಟ್‌ಮೆಂಟ್ ಆದರೆ ಯುಟಿಲಿಟಿ ಅಥವಾ ಡಕ್ಟ್ ಒಳಗೆ ಇರುತ್ತದೆ. ಪ್ರೆಶರ್ ಪಂಪ್ ಇದ್ದರೆ ಅದನ್ನೂ ಗೀಸರನ್ನೂ ಆಫ್ ಮಾಡಿ. ಕೊನೆಗೆ ನಲ್ಲಿ ತೆರೆದು ನೀರು ಪೂರ್ತಿ ನಿಂತಿದೆಯಾ ನೋಡಿ.

ಹತ್ತು ಹದಿನೈದು ವರ್ಷ ಯಾರೂ ಮುಟ್ಟದ ಗೇಟ್ ವಾಲ್ವ್ ತಿರುಗದಿದ್ದರೆ ಬಲ ಹಾಕಬೇಡಿ. ಅದರ ಸ್ಪಿಂಡಲ್, ಅಂದರೆ ಹಿಡಿಯ ಜೊತೆ ತಿರುಗುವ ಕಡ್ಡಿ, ಒಳಗೆ ಮುರಿದರೆ ಮತ್ತೆ ತೆರೆಯಲೂ ಆಗದು, ಮುಚ್ಚಲೂ ಆಗದು. ವಾಲ್ವ್ ಬಿಗಿದುಕೊಂಡಿದ್ದರೆ ಅಲ್ಲಿಗೆ ನಿಲ್ಲಿಸಿ ಪ್ಲಂಬರ್ ಕರೆಯಿರಿ.

ಸಿಂಕಿನ ಜಾಲಿಯ ಮೇಲೆ ಒಂದು ಹಳೇ ಬಟ್ಟೆ ಹಾಸಿ. ಹಿಡಿಯ ಸಣ್ಣ ಸ್ಕ್ರೂ ಜಾರಿ ಬೀಳುವುದು ಗ್ಯಾರಂಟಿ. ಒಂದೊಂದು ಭಾಗ ಬಿಚ್ಚಿದಾಗಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸಾಮಾನು ಜಾಸ್ತಿ ಬೇಡ: ಅಡ್ಜಸ್ಟಬಲ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಅಲೆನ್ ಕೀ ಸೆಟ್, ಟೆಫ್ಲಾನ್ ಟೇಪ್, ಹಳೇ ಟೂತ್‌ಬ್ರಶ್. ಸ್ಪ್ಯಾನರ್ ಹಿಡಿಯುವಾಗ ಮಧ್ಯೆ ಬಟ್ಟೆ ಇಡಿ, ಇಲ್ಲದಿದ್ದರೆ ಹೊಳಪಿನ ಮೇಲೆ ಹಲ್ಲಿನ ಗುರುತು ಉಳಿಯುತ್ತದೆ.

ನಲ್ಲಿ ಮುಟ್ಟಿದರೆ ಜುಂ ಅನ್ನುತ್ತದೆ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಮನೆಯಲ್ಲಿ ಸರಿಮಾಡುವ ಕೆಲಸ ಅಲ್ಲ. ಒದ್ದೆ ಕೈಯಲ್ಲಿ ನಲ್ಲಿ ಹಿಡಿದಾಗ ಸಣ್ಣಗೆ ಕರೆಂಟ್ ಹೊಡೆದ ಹಾಗಾದರೆ "ಏನೋ ಸ್ವಲ್ಪ ಬಂತು" ಅಂತ ಸುಮ್ನೆ ಇರಬೇಡಿ. ಹೆಚ್ಚಾಗಿ ಗೀಸರಿನ ಕಾಯಿಲ್ ಒಡೆದು ನೀರಿಗೆ ಕರೆಂಟ್ ಬರುತ್ತಿರುತ್ತದೆ, ಜೊತೆಗೆ ಅರ್ಥಿಂಗ್ ಕೆಟ್ಟಿರುತ್ತದೆ. ಗೀಸರನ್ನು ಬರೀ ಸ್ವಿಚ್‌ನಲ್ಲಿ ಅಲ್ಲ, ಮೇನ್ ಬೋರ್ಡಿನಲ್ಲಿರುವ ಅದರ ಎಂಸಿಬಿಯಲ್ಲೇ ಆಫ್ ಮಾಡಿ. ನೀರೆತ್ತುವ ಮೋಟಾರನ್ನೂ ಆಫ್ ಮಾಡಿ. ನಲ್ಲಿ ಮುಟ್ಟಬೇಡಿ, ಮಕ್ಕಳನ್ನೂ ಬಿಡಬೇಡಿ. ಕರೆಯಬೇಕಾದದ್ದು ಪ್ಲಂಬರನ್ನಲ್ಲ, ಎಲೆಕ್ಟ್ರಿಷಿಯನ್ನನ್ನು.

ನೀರು ಸಣ್ಣಗೆ ಬರುತ್ತದೆ, ಅಥವಾ ಅಡ್ಡಾದಿಡ್ಡಿ ಚಿಮ್ಮುತ್ತದೆ

ಮೊದಲು ಬಚ್ಚಲಿನ ನಲ್ಲಿ ತೆರೆದು ನೋಡಿ. ಅಲ್ಲೂ ಸಣ್ಣಗೆ ಬಂದರೆ ಟ್ಯಾಂಕ್ ಖಾಲಿಯಾಗಿದೆ, ಇಲ್ಲವೇ ಯಾರೋ ವಾಲ್ವ್ ಅರ್ಧ ಮುಚ್ಚಿದ್ದಾರೆ. ಟ್ಯಾಂಕ್ ತೊಳೆದ ಮರುದಿನ ಹೀಗಾದರೆ ಪೈಪಿನಲ್ಲಿ ಗಾಳಿ ಕೂತಿರಬಹುದು. ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ನಲ್ಲಿಯನ್ನು ನಾಲ್ಕೈದು ನಿಮಿಷ ಪೂರ್ತಿ ತೆರೆದಿಡಿ. ಬುಸ್ ಬುಸ್ ಅಂತ ಗಾಳಿ ಹೊರಟು ಆಮೇಲೆ ನೀರು ಸರಿಯಾಗುತ್ತದೆ. ಆ ನೀರನ್ನು ಬಕೆಟ್‌ನಲ್ಲಿ ಹಿಡಿಯಿರಿ, ಚೆಲ್ಲಬೇಡಿ.

ಅಡುಗೆಮನೆಯ ನಲ್ಲಿಯಲ್ಲಿ ಮಾತ್ರ ತೊಂದರೆ ಇದ್ದರೆ ತುದಿಯ ಜಾಲಿ ಕಟ್ಟಿದೆ. ಅದೇ ಏರೇಟರ್. ನೀರಿಗೆ ಗಾಳಿ ಬೆರೆಸಿ ನೊರೆ ನೊರೆಯಾಗಿ ಬಿಡುವ ಸಣ್ಣ ಬಿಲ್ಲೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಹೋಟೆಲು, ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟುಗಳ ನಲ್ಲಿಗೆ ಇದನ್ನು ಕಡ್ಡಾಯ ಮಾಡಿತ್ತು. ನೀರು ಉಳಿಯುವುದು ನಿಜ. ಆದರೆ ಬೋರ್ ನೀರಿನ ಮನೆಯಲ್ಲಿ ಅದನ್ನು ಆಗಾಗ ತೊಳೆಯದಿದ್ದರೆ ನೀರು ಬರುವುದೇ ನಿಂತುಹೋಗುತ್ತದೆ.

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ. ಕೊಳವೆಬಾವಿಯ ನೀರು ಎಷ್ಟೋ ಕಡೆ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಮನೆಯಲ್ಲಿ ನಲ್ಲಿಯ ಬಾಯಲ್ಲೂ ಅದೇ ಕಟ್ಟುತ್ತದೆ. ನೀರು ಒಂದೇ ಪಕ್ಕಕ್ಕೆ ಸಿಡಿದು ನೈಟಿ, ಅಂಗಿ ಒದ್ದೆಯಾಗುತ್ತಿದ್ದರೆ ಜಾಲಿಯ ಅರ್ಧ ತೂತು ಮುಚ್ಚಿಹೋಗಿದೆ ಎಂದೇ ಅರ್ಥ.

ಬಿಚ್ಚುವುದು ಸುಲಭ. ಒದ್ದೆ ಬಟ್ಟೆ ಸುತ್ತಿ ಕೈಯಿಂದಲೇ ತಿರುಗಿಸಿ. ತಲೆ ಬಗ್ಗಿಸಿ ಕೆಳಗಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕು. ಬರದಿದ್ದರೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಕಟ್ಟಿಟ್ಟು ಮತ್ತೆ ಪ್ರಯತ್ನಿಸಿ. ಒಳಗಿನ ಜಾಲಿ, ಪ್ಲಾಸ್ಟಿಕ್ ಬಿಲ್ಲೆ, ರಬ್ಬರ್ ರಿಂಗ್ ಯಾವ ಕ್ರಮದಲ್ಲಿದ್ದವು ಅಂತ ಫೋಟೋ ತೆಗೆದುಕೊಳ್ಳಿ. ಅರ್ಧ ವಿನೆಗರ್, ಅರ್ಧ ನೀರಿನಲ್ಲಿ ಒಂದು ಗಂಟೆ ನೆನೆಸಿ ಬ್ರಶ್‌ನಿಂದ ಉಜ್ಜಿ. ನಿಂಬೆರಸವೂ ಆಗುತ್ತದೆ. ಆದರೆ ಕ್ರೋಮ್ ಹೊಳಪಿನ ಭಾಗವನ್ನು ರಾತ್ರಿಯಿಡೀ ನೆನೆಸಬೇಡಿ, ಬಣ್ಣ ಮಾಸುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ನಲ್ಲಿಯ ಹತ್ತಿರವೂ ತರಬೇಡಿ. ವಿನೆಗರ್ ಜೊತೆ ಬ್ಲೀಚಿಂಗ್ ದ್ರಾವಣ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಏರೇಟರ್ ತೆಗೆದಿಟ್ಟು ನಲ್ಲಿ ಒಮ್ಮೆ ಪೂರ್ತಿ ತೆರೆಯಿರಿ. ಈಗ ಧಾರೆ ದಪ್ಪಗೆ ಬಂದರೆ ಕಳ್ಳ ಸಿಕ್ಕಿದ. ಆಗಲೂ ಸಣ್ಣಗೇ ಇದ್ದರೆ ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ ನೋಡಿ. ಅದನ್ನು ಮುಚ್ಚಿ, ಅಲ್ಲಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪಿನ ಮೇಲ್ತುದಿ ಬಿಚ್ಚಿ ಬಕೆಟ್‌ಗೆ ಹಿಡಿದು, ನಿಧಾನವಾಗಿ ಕಾಕ್ ತೆರೆಯಿರಿ. ಅಲ್ಲಿ ಜೋರಾಗಿ ಬಂದರೆ ಕಸ ನಲ್ಲಿಯೊಳಗಿದೆ. ಬರದಿದ್ದರೆ ಪೈಪ್ ಅಥವಾ ಕಾಕ್ ಕಟ್ಟಿದೆ. ಬಿಸಿನೀರು ಮಾತ್ರ ಸಣ್ಣಗೆ ಬರುವುದಾದರೆ ಗೀಸರಿನ ಕಡೆ ಸುಣ್ಣ ಕಟ್ಟಿರಬಹುದು. ಗೀಸರನ್ನು ಮನೆಯಲ್ಲಿ ಬಿಚ್ಚಬೇಡಿ.

ಟ್ಯಾಂಕಿನ ಕೆಳಗಿನ ಮಹಡಿಯವರಿಗೆ ಒಂದು ಮಾತು. ಹತ್ತು ಮೀಟರ್ ಎತ್ತರದಿಂದ ಬರುವ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ನಿಮ್ಮ ನಲ್ಲಿಗೂ ಟ್ಯಾಂಕಿಗೂ ಮೂರೇ ಮೀಟರ್ ಅಂತರ ಇದ್ದರೆ ಸಿಗುವುದು 0.3 ಬಾರ್. ಅಂಗಡಿಯಲ್ಲಿ ಚೆನ್ನಾಗಿ ಕಂಡ, ಒಂದೇ ಹಿಡಿಯ ಸಿಂಗಲ್ ಲಿವರ್ ಮಿಕ್ಸರ್ ಅಲ್ಲಿ ಬೇಸರದಿಂದಲೇ ನೀರು ಬಿಡುತ್ತದೆ. ಅದು ಕೆಟ್ಟಿಲ್ಲ, ಜಾಗ ಸರಿಯಿಲ್ಲ ಅಷ್ಟೇ.

ನಿಲ್ಲಿಸಿದರೂ ತೊಟ್ಟಿಕ್ಕುತ್ತದೆ

ಹಂಸದ ಕತ್ತಿನಂಥ ಉದ್ದ ಕೊಕ್ಕಿನ ನಲ್ಲಿ ನಿಲ್ಲಿಸಿದ ಮೇಲೆ ಕೆಲವು ಹನಿ ಬೀಳುವುದು ಸಹಜ. ಕೊಕ್ಕಿನಲ್ಲಿ ಉಳಿದ ನೀರು ಅದು. ಐದು ನಿಮಿಷ ಆದ ಮೇಲೂ ಬೀಳುತ್ತಿದ್ದರೆ ಮಾತ್ರ ದೋಷ. ಕೆಳಗೆ ಒಂದು ಲೋಟ ಇಡಿ. ಹತ್ತು ನಿಮಿಷಕ್ಕೆ 100 ಮಿಲಿ ತುಂಬಿದರೆ ದಿನಕ್ಕೆ 14 ಲೀಟರಿಗೂ ಜಾಸ್ತಿ, ಹೆಚ್ಚು ಕಡಿಮೆ ಒಂದು ಬಕೆಟ್. ಟ್ಯಾಂಕರ್ ನೀರು ಕೊಳ್ಳುವವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಈಗ ನಿಮ್ಮದು ಯಾವ ಜಾತಿಯ ನಲ್ಲಿ ನೋಡಿ. ಮೂರು ನಾಲ್ಕು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುವುದು ಹಳೇ ವಾಷರ್ ನಲ್ಲಿ. ಕಾಲು ಸುತ್ತಿಗೇ ತೆರೆದುಕೊಳ್ಳುವುದು, ಒಂದೇ ಹಿಡಿಯನ್ನು ಮೇಲೆ ಎತ್ತುವುದು ಸೆರಾಮಿಕ್ ಬಿಲ್ಲೆಯ ನಲ್ಲಿ. ಎರಡರ ಕಾಯಿಲೆಯೂ ಬೇರೆ, ಮದ್ದೂ ಬೇರೆ.

ವಾಷರ್ ನಲ್ಲಿಯದು ಅಗ್ಗದ ಕೆಲಸ. ಹಿಡಿಯ ಮೇಲಿನ ಕೆಂಪು ಅಥವಾ ನೀಲಿ ಗುಂಡಿಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಕೆಳಗಿನ ಸ್ಕ್ರೂ ಬಿಚ್ಚಿ ಹಿಡಿ ತೆಗೆಯಿರಿ. ಹಿಡಿ ತೆಗೆಯುವ ಮೊದಲೇ ನಲ್ಲಿಯನ್ನು ಅರ್ಧ ತೆರೆದ ಸ್ಥಿತಿಯಲ್ಲಿ ಇಟ್ಟಿರಬೇಕು, ಆಗ ವಾಷರ್ ತಾನು ಕೂರುವ ಸೀಟಿನಿಂದ ಮೇಲೆ ಎದ್ದಿರುತ್ತದೆ. ಒಳಗಿನ ಆರು ಮೂಲೆಯ ನಟ್ಟನ್ನು ಸ್ಪ್ಯಾನರ್‌ನಿಂದ ಸಡಿಲಿಸಿದರೆ ಸ್ಪಿಂಡಲ್ ಪೂರ್ತಿ ಹೊರಗೆ ಬರುತ್ತದೆ. ಬುಡದ ಕಪ್ಪು ರಬ್ಬರನ್ನು ನೋಡಿ. ಬಳೆಯ ಹಾಗೆ ಗೀರು ಬಿದ್ದು ಗುಂಡಿಯಾಗಿದ್ದರೆ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದು ಬೇಕು. ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ತೆಗೆದುಕೊಂಡು ಹೋಗಿ "ಇದೇ ಸೈಜಿನ ವೈಸರ್ ಕೊಡಿ" ಅನ್ನಿ. ಅರ್ಧ ಇಂಚಿನ ನಲ್ಲಿಗೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಭಾನುವಾರ ಅಂಗಡಿ ಮುಚ್ಚಿದ್ದರೆ ಅದೇ ವಾಷರನ್ನು ತಿರುವಿ ಹಾಕಿ. ಹಿಂಬದಿ ಚಪ್ಪಟೆಯಾಗಿದ್ದರೆ ಕೆಲವು ದಿನ ನಡೆಯುತ್ತದೆ.

ಹೊಸ ವಾಷರ್ ಹಾಕಿದರೂ ಸೋರಿದರೆ ಅದು ಕೂರುವ ಹಿತ್ತಾಳೆ ಸೀಟ್ ಸವೆದಿದೆ. ಬೆರಳು ಹಾಕಿ ಸವರಿ. ಕಚ್ಚು, ಒರಟು ಸಿಕ್ಕಿದರೆ ಅಷ್ಟಕ್ಕೇ ನಿಲ್ಲಿಸಿ. ಸೀಟ್ ಉಜ್ಜುವ ಸಲಕರಣೆ ಪ್ಲಂಬರ್ ಹತ್ತಿರ ಇರುತ್ತದೆ, ಆದರೆ ಹಳೇ ನಲ್ಲಿಗೆ ಆ ಖರ್ಚು ದಂಡ ಎನ್ನುವುದು ನನ್ನ ಲೆಕ್ಕ. ಬೇರೆ ನಲ್ಲಿ ಹಾಕಿಸಿ. ಅಜ್ಜಿ ಕಾಲದ ಭಾರೀ ಹಿತ್ತಾಳೆ ನಲ್ಲಿ ಆದರೆ ಮಾತ್ರ ಉಜ್ಜಿಸಿ ಇಟ್ಟುಕೊಳ್ಳಿ.

ಸೆರಾಮಿಕ್ ನಲ್ಲಿಯಲ್ಲಿ ನುಣುಪಾದ ಎರಡು ಬಿಲ್ಲೆ ಒಂದರ ಮೇಲೊಂದು ಜಾರುತ್ತವೆ. ಮಧ್ಯೆ ಒಂದು ಕಾಳು ಮರಳು ಸಿಕ್ಕಿಕೊಂಡರೂ ಸಾಕು, ಹನಿ ಶುರು. ಟ್ಯಾಂಕ್ ತೊಳೆದ ಮೇಲೋ ಬೀದಿಯಲ್ಲಿ ಪೈಪ್ ಅಗೆದ ಮೇಲೋ ಹನಿ ಬಂದಿದ್ದರೆ ಅನುಮಾನವೇ ಬೇಡ. ಏರೇಟರ್ ತೆಗೆದು, ನಲ್ಲಿಯನ್ನು ಹತ್ತು ಹದಿನೈದು ಸಲ ಜೋರಾಗಿ ತೆರೆದು ಮುಚ್ಚಿ. ಎಷ್ಟೋ ಸಲ ಕಾಳು ಹಾರಿಹೋಗಿ ಬಿಚ್ಚುವ ಕೆಲಸವೇ ತಪ್ಪುತ್ತದೆ. ಹೋಗದಿದ್ದರೆ ಕಾರ್ಟ್ರಿಜ್ ತೆಗೆದು ತೊಳೆಯಿರಿ, ಕೆಳಗಿನ ರಬ್ಬರ್ ರಿಂಗ್ ನೋಡಿ. ಬಿಲ್ಲೆಗೆ ಗೀರು ಬಿದ್ದಿದ್ದರೆ ಹೊಸ ಕಾರ್ಟ್ರಿಜ್. ಎಷ್ಟು ಬಿಗಿ ಮಾಡಿದರೂ ಗೀರು ಮುಚ್ಚುವುದಿಲ್ಲ.

ಹೊಸದನ್ನು ತರುವಾಗ ಹಳೆಯದು ಕೈಯಲ್ಲಿರಲಿ. ಹಿಡಿ ಕೂರುವ ತುದಿಯ ಹಲ್ಲು ಕೆಲವಕ್ಕೆ 18, ಕೆಲವಕ್ಕೆ 20, ಇನ್ನು ಕೆಲವಕ್ಕೆ 24. ಬಿಸಿನೀರಿನ ಕಡೆಯದು ಬಲಕ್ಕೆ, ತಣ್ಣೀರಿನದು ಎಡಕ್ಕೆ ತಿರುಗುವುದೂ ಉಂಟು. ಸಿಂಗಲ್ ಲಿವರ್ ಆದರೆ 35 ಮತ್ತು 40 ಮಿಲಿಮೀಟರ್ ಎರಡು ಅಳತೆ ಸಾಮಾನ್ಯ. ಕಂಪನಿಯ ನಲ್ಲಿಗೆ ಬಿಲ್ಲು ಇದ್ದರೆ ಮೊದಲು ವಾರಂಟಿ ನೋಡಿ. ನೀವೇ ಬಿಚ್ಚಿದ್ದಕ್ಕೆ ಅವರು ತಕರಾರು ತೆಗೆಯಬಹುದು.

ತೆರೆದಾಗ ಹಿಡಿಯ ಬುಡದಲ್ಲಿ ಜಿನುಗು

ಇದು ಸಣ್ಣ ದೋಷ. ಹಳೇ ನಲ್ಲಿಯಲ್ಲಿ ಹಿಡಿಯ ಕೆಳಗೆ ಸ್ಪಿಂಡಲ್ ಸುತ್ತ ಇರುವ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತಿನ ಅರ್ಧದಷ್ಟು ಬಿಗಿ ಮಾಡಿ ನೋಡಿ. ನಿಂತರೆ ಸರಿ. ಹಿಡಿ ತಿರುಗಿಸಲು ಕಷ್ಟವಾಗುವಷ್ಟು ಬಿಗಿ ಬೇಡ. ನಿಲ್ಲದಿದ್ದರೆ ನೀರು ನಿಲ್ಲಿಸಿ, ನಟ್ಟು ಎತ್ತಿ, ಸ್ಪಿಂಡಲ್ ಸುತ್ತ ಟೆಫ್ಲಾನ್ ಟೇಪನ್ನು ನೂಲಿನ ಹಾಗೆ ಹೊಸೆದು ನಾಲ್ಕು ಸುತ್ತು ಸುತ್ತಿ ಮತ್ತೆ ನಟ್ಟು ಕೂರಿಸಿ.

ಕೊಕ್ಕು ತಿರುಗುವ ಜಾಗದಲ್ಲಿ ನೀರು

ದೊಡ್ಡ ಕುಕ್ಕರ್ ತೊಳೆಯಲು ಕೊಕ್ಕನ್ನು ಅತ್ತ ಇತ್ತ ದೂಡುವ ಮನೆಗಳಲ್ಲಿ ಇದು ಬಂದೇ ಬರುತ್ತದೆ. ಕೊಕ್ಕಿನ ಬುಡದ ನಟ್ಟು ಅಥವಾ ಹಿಂಬದಿಯ ಸಣ್ಣ ಅಲೆನ್ ಸ್ಕ್ರೂ ಸಡಿಲಿಸಿ, ಕೊಕ್ಕನ್ನು ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ. ಒಂದೋ ಎರಡೋ ರಬ್ಬರ್ ರಿಂಗ್ ಕಾಣುತ್ತವೆ. ಚಪ್ಪಟೆಯಾಗಿದ್ದರೆ ಅದೇ ಅಳತೆಯದು ಹಾಕಿ. ಜಾರಲಿ ಅಂತ ನಾವು ಮೊದಲು ಕೈ ಹಾಕುವುದು ಕೊಬ್ಬರಿ ಎಣ್ಣೆಗೆ, ಇಲ್ಲವೇ ಗಾಡಿಯ ಗ್ರೀಸಿಗೆ. ಬೇಡ. ಎಣ್ಣೆ, ಗ್ರೀಸು ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗಿ ಮತ್ತೆ ಸೋರುತ್ತದೆ. ಸಿಲಿಕೋನ್ ಗ್ರೀಸ್ ಸಿಕ್ಕಿದರೆ ಒಂದು ಚಿಟಿಕೆ, ಇಲ್ಲದಿದ್ದರೆ ಬರೀ ನೀರು ಸಾಕು.

ಸಿಂಕಿನ ಕೆಳಗೆ ಒದ್ದೆ

ಅಕ್ಕಿ ಡಬ್ಬದ ತಳ ಒದ್ದೆಯಾದ ಮೇಲೆಯೇ ಇದು ನಮಗೆ ಗೊತ್ತಾಗುವುದು. ಕಪಾಟಿನ ಸಾಮಾನು ತೆಗೆದು, ಎಲ್ಲವನ್ನೂ ಒರೆಸಿ ಒಣಗಿಸಿ, ಕೆಳಗೆ ದಿನಪತ್ರಿಕೆ ಹಾಸಿ. ನಲ್ಲಿ ಬಳಸದೆ ಒಂದು ಗಂಟೆ ಬಿಡಿ. ಕಾಗದ ಒದ್ದೆಯಾದರೆ ನೀರು ಬರುವ ಪೈಪಿನ ಸೋರಿಕೆ. ಆಗದಿದ್ದರೆ ಸಿಂಕಿನ ತೂತು ಮುಚ್ಚಿ ಅರ್ಧ ನೀರು ತುಂಬಿ ಒಮ್ಮೆಲೇ ಬಿಡಿ. ಆಗ ಒದ್ದೆಯಾದರೆ ವೇಸ್ಟ್ ಪೈಪಿನ ಪ್ಲಾಸ್ಟಿಕ್ ನಟ್ಟು ಸಡಿಲವಾಗಿದೆ. ಕೈಯಿಂದ ಬಿಗಿ ಮಾಡಿದರೆ ಸಾಕು.

ಬರುವ ಪೈಪಿನ ಕಡೆ ಆದರೆ ಟಿಶ್ಯೂ ಕಾಗದವನ್ನು ಮೇಲಿನಿಂದ ಕೆಳಕ್ಕೆ ಒಂದೊಂದು ಜೋಡಣೆಗೂ ಒತ್ತಿ ನೋಡಿ. ನೀರು ಪೈಪಿನ ಮೇಲೆ ಜಾರಿ ಕೆಳಗೆಲ್ಲೋ ಹನಿಯುತ್ತದೆ, ಹಾಗಾಗಿ ಹನಿ ಬೀಳುವ ಜಾಗವೇ ಸೋರುವ ಜಾಗ ಅಲ್ಲ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇರುತ್ತದೆ. ಅಲ್ಲಿ ಟೆಫ್ಲಾನ್ ಟೇಪ್ ಸುತ್ತುವುದು ದಂಡ, ವಾಷರ್ ಬದಲಿಸಬೇಕು. ಟೇಪ್ ಬೇಕಾಗುವುದು ಕಾಕ್ ಗೋಡೆಗೆ ಕೂರುವ ಮರೆಗೆ, ಅಂದರೆ ತಿರುಪಿನ ಗೆರೆಗೆ. ಸ್ಟೀಲ್ ಹೆಣಿಗೆಯ ಪೈಪಿನ ಮೇಲೆ ತುಕ್ಕು ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಇವತ್ತೇ ಬದಲಿಸಿ. ಅದು ನೀವು ಊರಿಗೆ ಹೋದಾಗಲೇ ಒಡೆಯುತ್ತದೆ.

ಗೋಡೆಯೇ ತೇವ ಹಿಡಿದಿದ್ದರೆ, ಟೈಲ್ಸ್ ಸಂದಿಯಿಂದ ನೀರು ಬರುತ್ತಿದ್ದರೆ ಒಳಗಿನ ಪೈಪು ಹೋಗಿದೆ. ವಾಲ್ವ್ ಮುಚ್ಚಿ ಪ್ಲಂಬರಿಗೆ ಫೋನ್ ಮಾಡಿ.

ನಲ್ಲಿಯೇ ಅಲುಗಾಡುತ್ತದೆ

ಸಿಂಕಿನ ಮೇಲಿನ ಮಿಕ್ಸರ್ ಆದರೆ ಕೆಳಗಿನ ದೊಡ್ಡ ನಟ್ಟು ಸಡಿಲವಾಗಿದೆ, ಅಷ್ಟೇ. ಒಬ್ಬರು ಮೇಲೆ ನೇರವಾಗಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಬಿಗಿ ಮಾಡಬೇಕು.

ಗೋಡೆಯ ನಲ್ಲಿ ಅಲುಗಾಡಿದರೆ ಮುಟ್ಟಬೇಡಿ. ನನ್ನ ಹಳೇ ಬಾಡಿಗೆ ಮನೆಯ ಕಥೆ ಹೇಳುತ್ತೇನೆ. ನಲ್ಲಿ ಸ್ವಲ್ಪ ವಾಲಿತ್ತು. ನೆಟ್ಟಗೆ ಮಾಡೋಣ ಅಂತ ಪೈಪ್ ರೆಂಚ್ ಹಾಕಿ ಅರ್ಧ ಸುತ್ತು ತಿರುಗಿಸಿದೆ. ಟಕ್ ಅಂತ ಸದ್ದು. ಗೋಡೆಯೊಳಗಿನ ತುಕ್ಕು ಹಿಡಿದ ನಿಪ್ಪಲ್ (ಜೋಡಣೆಯ ತುಂಡು ಪೈಪ್) ಮುರಿದು, ನಲ್ಲಿ ನನ್ನ ಕೈಗೆ ಬಂತು. ನೀರು ಎದುರಿನ ಗ್ಯಾಸ್ ಒಲೆಯವರೆಗೆ ಹಾರಿತು. ವಾಲ್ವ್ ತಾರಸಿಯಲ್ಲಿತ್ತು, ತಾರಸಿಯ ಬೀಗದ ಕೈ ಮಾಲೀಕರ ಹತ್ತಿರ ಇತ್ತು, ಮಾಲೀಕರು ಮದುವೆಗೆ ಹೋಗಿದ್ದರು. ಕೊನೆಗೆ ಎರಡು ಟೈಲ್ಸ್ ಒಡೆದು ಸರಿ ಮಾಡಿಸಿದೆ. ಸ್ವಲ್ಪ ವಾಲಿದ ನಲ್ಲಿಯಲ್ಲೂ ನೀರು ಚೆನ್ನಾಗೇ ಬರುತ್ತಿತ್ತು, ನೋಡಿ.

ಹಿಡಿ ಸುಮ್ನೆ ತಿರುಗುತ್ತದೆ, ಅಥವಾ ನಲ್ಲಿ ಕೂಗುತ್ತದೆ

ಹಿಡಿ ಗರಗರ ತಿರುಗಿದರೂ ನೀರು ಬರದಿದ್ದರೆ ಮೇಲಿನ ಸ್ಕ್ರೂ ಬಿಗಿ ಮಾಡಿ. ಒಳಗಿನ ಹಲ್ಲು ಸವೆದಿದ್ದರೆ ಹಿಡಿ ಮಾತ್ರ ಬದಲಿಸಬಹುದು. ಹಳೇ ನಲ್ಲಿ ತೆರೆದಾಗ ಕೀರಲು ದನಿ ಬಂದರೆ ವಾಷರ್ ಸಡಿಲವಾಗಿ ನಡುಗುತ್ತಿದೆ. ನಿಲ್ಲಿಸಿದ ಕೂಡಲೇ ಗೋಡೆಯೊಳಗೆ ಢಬ್ ಅಂದರೆ, ಓಡುತ್ತಿದ್ದ ನೀರು ಒಮ್ಮೆಲೇ ತಡೆದು ಪೈಪಿಗೆ ಗುದ್ದುತ್ತಿದೆ. ಪ್ರೆಶರ್ ಪಂಪ್ ಇರುವ ಮನೆಗಳಲ್ಲಿ ಇದು ಜಾಸ್ತಿ. ಮೆಲ್ಲಗೆ ನಿಲ್ಲಿಸಿ, ಆಂಗಲ್ ಕಾಕ್ ಸ್ವಲ್ಪ ಮುಚ್ಚಿ ನೋಡಿ. ದಿನವೂ ಗುದ್ದುತ್ತಿದ್ದರೆ ಪಂಪಿನ ಒತ್ತಡ ಇಳಿಸಲು ಹೇಳಿ.

ಮತ್ತೆ ಜೋಡಿಸುವಾಗ

ಮರೆಗೆ ಟೇಪ್ ಸುತ್ತುವುದು ಅದರ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಂಡು ಬರುತ್ತದೆ. ನಟ್ಟುಗಳನ್ನು ಮೊದಲು ಕೈಯಿಂದಲೇ ಕೂರಿಸಿ. ಅಡ್ಡ ಹೋದರೆ ಕೈಗೆ ಗೊತ್ತಾಗುತ್ತದೆ, ಸ್ಪ್ಯಾನರಿಗೆ ಗೊತ್ತಾಗುವುದಿಲ್ಲ. ಏರೇಟರ್ ಹಾಕದೆ, ನಲ್ಲಿ ತೆರೆದಿಟ್ಟು, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಒಂದು ನಿಮಿಷ ಕಸ ಹೋಗಲಿ, ಆಮೇಲೆ ಏರೇಟರ್ ಹಾಕಿ. ಬಿಸಿನೀರಿನ ಕಡೆಯಿಂದ ನೀರು ತುಂಬಿ ಬಂದ ಮೇಲೆಯೇ ಗೀಸರ್ ಆನ್ ಮಾಡಿ, ಖಾಲಿ ಗೀಸರ್ ಸುಟ್ಟುಹೋಗುತ್ತದೆ.

ಸಿಂಕಿನ ಕೆಳಗೆ ಒಣ ದಿನಪತ್ರಿಕೆ ಹಾಸಿ ಮಲಗಿ. ಬೆಳಿಗ್ಗೆ ಕಾಗದ ಗರಿಗರಿಯಾಗೇ ಇದ್ದರೆ ಅಕ್ಕಿ ಡಬ್ಬ ವಾಪಸ್ ಇಡಬಹುದು.